ಕಾರವಾರದಲ್ಲಿ ಒಂದು ರಾತ್ರಿ: ಅಂಗಡಿ ಬಾಗಿಲು ಹಾಕಿ ಹೋಗುವವರಿಗೆ ಒಂದೂವರೆ ದಿನದ ಲೆಕ್ಕ

ಘಟ್ಟದ ಮೇಲಿನ ತಾಲ್ಲೂಕುಗಳ ಜನರಿಗೆ ಕಾರವಾರ ಅಂದ್ರೆ ಮೊದಲು ನೆನಪಾಗೋದು ಡಿಸಿ ಆಫೀಸು. ಬೆಳಿಗ್ಗೆ ಮೊದಲ ಬಸ್ಸಿಗೆ ಇಳಿಯೋದು, ಫೈಲ್ ಹಿಡ್ಕೊಂಡು ಕೌಂಟರ್ ಮುಂದೆ ನಿಲ್ಲೋದು, ಬಸ್ ಸ್ಟ್ಯಾಂಡ್ ಹತ್ರ ಊಟ ಮಾಡೋದು, ಸಂಜೆ ಬಸ್ಸಿಗೆ ವಾಪಸ್. ಶಿರಸಿ, ಸಿದ್ದಾಪುರ, ಯಲ್ಲಾಪುರ, ಹಳಿಯಾಳ ಕಡೆ ಇಪ್ಪತ್ತು ಸಲ ಕಾರವಾರಕ್ಕೆ ಹೋಗಿಬಂದವರು ಬೇಕಾದಷ್ಟು ಜನ ಸಿಗ್ತಾರೆ. ಅಲ್ಲಿ ಒಂದು ರಾತ್ರಿ ಉಳಿದವರು ಮಾತ್ರ ಕಡಿಮೆ. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಸಮುದ್ರ ಇದ್ದರೂ ಅದನ್ನ ನೋಡದೇ ಬಂದವರೂ ಇದ್ದಾರೆ.

ಅಂಗಡಿ ಇಟ್ಟವರಿಗೆ ಪ್ರವಾಸ ಅಂದರೆ ಖರ್ಚಿಗಿಂತ ಬಾಗಿಲು ಹಾಕುವ ದಿನದ ಲೆಕ್ಕವೇ ದೊಡ್ಡದು. ಹಾಗಾಗಿ ಒಂದೂವರೆ ದಿನದಲ್ಲಿ ಹೋಗಿ ಬರುವುದು ಹೇಗೆ, ಯಾವ ರಸ್ತೆ ಹಿಡಿಯಬೇಕು, ಸಮುದ್ರದ ಹತ್ರ ಯಾವುದಕ್ಕೆ ಹೆದರಬೇಕು ಅನ್ನೋದನ್ನ ಇಲ್ಲಿ ಒಟ್ಟಿಗೆ ಕೊಟ್ಟಿದ್ದೇವೆ.

ಶನಿವಾರ ಬೇಡ, ಭಾನುವಾರ ಇಳಿಯಿರಿ

ಎಲ್ಲರೂ ಶನಿವಾರ ಹೋಗಿ ಭಾನುವಾರ ವಾಪಸ್ ಬರ್ತಾರೆ. ಅದರಲ್ಲೂ ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗಳಿಗೆ ರಜೆ ಇರೋದ್ರಿಂದ ಹುಬ್ಬಳ್ಳಿ, ಬೆಳಗಾವಿ ಕಡೆಯ ಕಾರುಗಳೆಲ್ಲ ಕರಾವಳಿಗೇ ಇಳಿಯುತ್ತವೆ. ಆ ದಿನ ರೂಮು ಸಿಗೋದು ಕಷ್ಟ, ಸಿಕ್ಕರೂ ರೇಟು ಕೇಳಿ ತಲೆ ತಿರುಗುತ್ತೆ.

ಅದರ ಬದಲು ಭಾನುವಾರ ಬೆಳಿಗ್ಗೆ ಆರು–ಏಳು ಗಂಟೆಗೆ ಮನೆ ಬಿಟ್ಟು, ಭಾನುವಾರ ರಾತ್ರಿ ಉಳಿದು, ಸೋಮವಾರ ಮಧ್ಯಾಹ್ನ ಹೊರಡಿ. ಇದರಿಂದ ಮೂರು ಅನುಕೂಲ ಇದೆ. ಭಾನುವಾರ ಸಂಜೆ ಹೊತ್ತಿಗೆ ಪ್ರವಾಸಿಗರು ಖಾಲಿಯಾಗುತ್ತಾರೆ, ರೂಮಿನ ರೇಟಲ್ಲಿ ಮಾತಾಡೋಕೆ ಜಾಗ ಸಿಗುತ್ತೆ. ಕಾರವಾರದ ಸಂತೆ ನಡೆಯೋದೇ ಭಾನುವಾರ. ಇನ್ನು ಸೋಮವಾರ ಕಚೇರಿ ತೆರೆದಿರೋದ್ರಿಂದ, ಹೇಗೂ ಬಾಕಿ ಉಳಿದ ಒಂದು ಅರ್ಜಿ, ಒಂದು ನಕಲು, ಒಂದು ಸಹಿ ಇದ್ದೇ ಇರುತ್ತಲ್ಲ, ಅದೂ ಮುಗಿಯುತ್ತೆ. ಕಾರವಾರಕ್ಕೆ ಹೋಗುವ ಬಸ್ ಚಾರ್ಜು ಎರಡು ಸಲ ಕೊಡೋದು ತಪ್ಪುತ್ತೆ.

ನಿಮ್ಮೂರಿನ ಸಂತೆಯೂ ಭಾನುವಾರವೇ ಆಗಿದ್ದರೆ ಈ ಲೆಕ್ಕ ನಡೆಯೋದಿಲ್ಲ. ಅಂಥವರು ವಾರದ ನಡುವೆ, ನಿಮ್ಮಲ್ಲಿ ವ್ಯಾಪಾರ ತಣ್ಣಗಿರುವ ದಿನ ನೋಡಿ ಹೋಗೋದೇ ಸೈ.

ಬಾಗಿಲು ಹಾಕುವ ಮೊದಲು ಒಂದೆರಡು ಕೆಲಸ ಇವೆ. ಎರಡು ದಿನ ಮುಂಚೆಯೇ ಬೋರ್ಡ್ ಹಾಕಿ, ಖಾಯಂ ಗಿರಾಕಿಗಳಿಗೆ ಬಾಯಲ್ಲೂ ಹೇಳಿ. ಮುಚ್ಚಿದ ಬಾಗಿಲು ನೋಡಿ ತಿರುಗಿ ಹೋದ ಗಿರಾಕಿ ಪಕ್ಕದ ಅಂಗಡಿಯ ದಾರಿ ಕಲಿತುಬಿಡ್ತಾನೆ. ಹಾಲು, ಬ್ರೆಡ್ಡಿನವರಿಗೆ ಆ ಒಂದು ದಿನದ ಆರ್ಡರ್ ನಿಲ್ಲಿಸಲು ತಿಳಿಸಿ. ಕರೆಂಟ್ ಉಳಿಸೋಕೆ ಅಂತ ಮೇನ್ ಸ್ವಿಚ್ ತೆಗೆಯುವ ಅಭ್ಯಾಸ ಇದ್ದವರು ಫ್ರಿಜ್ಜಿನಲ್ಲಿ ಏನಿದೆ ನೋಡ್ಕೊಂಡು ತೆಗೆಯಿರಿ.

ಯಾವ ಘಟ್ಟ ಇಳಿಯೋದು?

ಸಹ್ಯಾದ್ರಿ ಬೇರೆ ಕಡೆ ಸಮುದ್ರದಿಂದ ದೂರ ನಿಂತರೆ ಕಾರವಾರದಲ್ಲಿ ನೀರಿನ ತನಕ ಬಂದುಬಿಟ್ಟಿದೆ. ಊರಿನ ಸೊಗಸಿಗೆ ಕಾರಣ ಅದೇ, ರಸ್ತೆಯ ತಾಪತ್ರಯಕ್ಕೂ ಕಾರಣ ಅದೇ. ಎಲ್ಲಿಂದ ಬಂದರೂ ಒಂದು ಘಟ್ಟ ಇಳಿಯಲೇಬೇಕು.

ಯಲ್ಲಾಪುರ, ಮುಂಡಗೋಡ ಕಡೆಯವರಿಗೆ ಅರಬೈಲ್ ಘಟ್ಟ ಇಳಿದು ಅಂಕೋಲಾ ಸೇರುವ ಹೆದ್ದಾರಿ ನೇರ ದಾರಿ. ಯಲ್ಲಾಪುರದಿಂದ ಕಾರವಾರಕ್ಕೆ ನೂರು ಕಿ.ಮೀ. ಆಸುಪಾಸು. ದೂರ ಹೆಚ್ಚಿಲ್ಲ, ಆದರೆ ಹುಬ್ಬಳ್ಳಿಯಿಂದ ಇಳಿಯುವ ಲಾರಿಗಳ ಸಾಲು ದೊಡ್ಡದು. ಬೆಳಿಗ್ಗೆ ಬೇಗ ಹೊರಟರೆ ಅರ್ಧ ತಲೆನೋವು ಕಡಿಮೆ.

ಶಿರಸಿಯವರಿಗೆ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಅಂಕೋಲಾ, ಕಾರವಾರ. ಒಟ್ಟು 120–130 ಕಿ.ಮೀ. ಈ ರಸ್ತೆ ಅಗಲೀಕರಣದ ಕಾಮಗಾರಿಗಾಗಿ ಬಂದ್ ಆಗಿದ್ದೂ ಉಂಟು, ಮಳೆಗೆ ಮಣ್ಣು ಜರಿದು ನಿಂತಿದ್ದೂ ಉಂಟು. ಹಾಗಾಗಿ ಹೊರಡುವ ಹಿಂದಿನ ದಿನ ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ "ಬಸ್ಸು ಯಾವ ಮೇಲೆ ಹೋಗ್ತಾ ಇದೆ" ಅಂತ ಒಂದು ಮಾತು ಕೇಳಿ. ಮೊಬೈಲ್ ಮ್ಯಾಪಿಗಿಂತ ಬಸ್ ಡ್ರೈವರ್ ಮಾತು ಈ ವಿಷಯದಲ್ಲಿ ಗಟ್ಟಿ.

ದಾಂಡೇಲಿ, ಜೋಯಿಡಾದವರಿಗೆ ಅಣಶಿ ಘಟ್ಟ. ಕಾಡು ದಟ್ಟ, ತಿರುವು ಬಹಳ, ಕೆಳಗೆ ಇಳಿದರೆ ಕದ್ರಾ ಅಣೆಕಟ್ಟು, ಆಮೇಲೆ ಕಾಳಿ ನದಿಯ ಪಕ್ಕದಲ್ಲೇ ಕಾರವಾರದ ತನಕ ದಾರಿ. ಜಿಲ್ಲೆಯಲ್ಲಿ ಇದಕ್ಕಿಂತ ಚಂದದ ರಸ್ತೆ ಇಲ್ಲ ಅಂತ ನಮ್ಮ ಅಭಿಪ್ರಾಯ, ಬೇರೆಯವರು ಬೇರೆ ಹೇಳಬಹುದು. ಆದರೆ ಹಗಲಿನಲ್ಲೇ ಇಳೀರಿ. ದಾರಿಯಲ್ಲಿ ಪಂಕ್ಚರ್ ಆದರೆ ಸಹಾಯಕ್ಕೆ ಜನ ಸಿಗೋದು ಕಷ್ಟ, ಮೊಬೈಲ್ ಸಿಗ್ನಲ್ ನಂಬೋ ಹಾಗಿಲ್ಲ.

ಮಳೆಗಾಲದಲ್ಲಿ ಈ ಮೂರೂ ರಸ್ತೆಗಳ ಕಥೆ ಬೇರೆ. 2021ರ ಜುಲೈ ಮಳೆಗೆ ಅರಬೈಲ್ ಘಟ್ಟದಲ್ಲಿ ಗುಡ್ಡ ಜರಿದು ಹೆದ್ದಾರಿಯೇ ಕಟ್ಟಿಹೋಗಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಇಡೀ ದೇಶ ನೋಡಿತು. ರಸ್ತೆ ಪಕ್ಕದ ಚಹಾ ಅಂಗಡಿಯ ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿದ್ದವರು ಮಣ್ಣಿನಡಿ, ಗಂಗಾವಳಿ ನೀರಿನಡಿ ಹೋದರು. ಕುಮಟಾ ಮೇಲೆ ಬರುವವರು ಹಾದು ಹೋಗೋದು ಅದೇ ಜಾಗದಲ್ಲಿ. ಜೋರು ಮಳೆಯಲ್ಲಿ ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೆ, ಫೋಟೋಕ್ಕೆ ಗಾಡಿ ನಿಲ್ಲಿಸಬೇಡಿ. ಜೂನ್‌ನಿಂದ ಸೆಪ್ಟೆಂಬರ್ ನಡುವಿನವರೆಗೆ ಈ ಪ್ರವಾಸವನ್ನೇ ಮುಂದೆ ಹಾಕೋದು ಒಳ್ಳೆಯದು. ಜಿಲ್ಲಾಡಳಿತ ರೆಡ್ ಅಲರ್ಟ್ ಕೊಟ್ಟ ದಿನ ಅಂತೂ ಮುಂಗಡ ಕೊಟ್ಟ ರೂಮಿನ ದುಡ್ಡು ಹೋದರೂ ಹೋಗಲಿ.

ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಿಂದ ಫೆಬ್ರುವರಿ ತನಕ ಒಳ್ಳೆ ಕಾಲ. ಮಾರ್ಚ್ ಕಳೆದರೆ ಸೆಖೆ. ಘಟ್ಟದ ಮೇಲಿನವರಿಗೆ ಆ ಬೆವರು ತಡೆಯೋದು ಕಷ್ಟ. ಮೇ ತಿಂಗಳಲ್ಲಿ ಹೋಗಲೇಬೇಕಾದರೆ ಒಂದೇ ಸಮಾಧಾನ, ಅಂಕೋಲೆಯ ಕರಿ ಇಶಾಡ ಮಾವು. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕ ಹಣ್ಣು ಇದು. ಅಂಕೋಲಾದಲ್ಲಿ ಬಸ್ ನಿಂತಾಗ ಬುಟ್ಟಿಯಲ್ಲಿ ಕಂಡರೆ ಬಿಡಬೇಡಿ.

ಬಸ್ಸಲ್ಲಿ ಹೋಗೋ ಹೆಣ್ಣುಮಕ್ಕಳು ಗುರುತಿನ ಚೀಟಿ ಮರೀಬೇಡಿ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಕಾರವಾರದ ತನಕ ಟಿಕೆಟ್ ಇಲ್ಲ. ಗೋವಾಕ್ಕೆ ದಾಟುವ ಬಸ್ಸಿಗೆ ಇದು ನಡೆಯೋದಿಲ್ಲ. ರೈಲಲ್ಲಿ ಬರುವ ಕರಾವಳಿಯವರಿಗೆ ಒಂದು ಮಾತು: ಕಾರವಾರ ಸ್ಟೇಷನ್ ಇರೋದು ಶಿರವಾಡದಲ್ಲಿ, ಊರಿಂದ ಹೊರಗೆ. ಆಟೋ ಖರ್ಚು ಸೇರಿಸಿಯೇ ಲೆಕ್ಕ ಹಾಕಿ.

ರೂಮು ಕೇಳುವಾಗ

ಫೋನಲ್ಲಿ ರೇಟು ಕೇಳುವ ಮೊದಲು "ನಿಮ್ಮದು 24 ಗಂಟೆ ಲೆಕ್ಕವೋ, ಮಧ್ಯಾಹ್ನ ಹನ್ನೆರಡರ ಲೆಕ್ಕವೋ" ಅಂತ ಕೇಳಿ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಸೋಮವಾರ ಹನ್ನೊಂದಕ್ಕೆ ಬಿಡುವವರಿಗೆ 24 ಗಂಟೆ ಲೆಕ್ಕದ ಲಾಡ್ಜೇ ಸರಿ. ಹನ್ನೆರಡರ ಲೆಕ್ಕದವರಲ್ಲಿ ಬೇಗ ಬಂದದ್ದಕ್ಕೂ ದುಡ್ಡು ಕೇಳುವವರಿದ್ದಾರೆ. ಸಮುದ್ರ ಕಾಣುವ ರೂಮಿಗೆ ಜಾಸ್ತಿ ಕೊಡೋದು ಬೇಡ ಅಂತ ನಾವು ಹೇಳ್ತೇವೆ. ಹತ್ತು–ಹದಿನೈದು ನಿಮಿಷ ನಡೆದರೆ ಸಮುದ್ರವೇ ಸಿಗೋ ಊರಲ್ಲಿ ಕಿಟಕಿಗೆ ಯಾಕೆ ಬಾಡಿಗೆ? ಎಲ್ಲರ ಆಧಾರ್ ನಕಲು ಇಟ್ಕೊಳ್ಳಿ.

ಭಾನುವಾರ: ಸಂತೆ, ಊಟ, ದಂಡೆ

ಹನ್ನೊಂದರ ಹೊತ್ತಿಗೆ ಸಂತೆ ಭರ್ತಿ ಇರುತ್ತೆ. ತರಕಾರಿ ಬಹುಪಾಲು ಘಟ್ಟದ ಮೇಲಿಂದ, ಹುಬ್ಬಳ್ಳಿ–ಹಾವೇರಿ ಕಡೆಯಿಂದ ಬಂದದ್ದು. ಅದನ್ನ ಕೊಳ್ಳೋಕೆ ಇಷ್ಟು ದೂರ ಬರಬೇಕಾಗಿಲ್ಲ. ನೋಡಬೇಕಾದ್ದು ಸುತ್ತಲಿನ ಹಳ್ಳಿಯ ಹೆಂಗಸರು ತಂದು ನೆಲಕ್ಕೆ ಹರಡಿದ ಸೊಪ್ಪು, ಗೆಣಸು, ಬಾಳೆ, ಒಣ ಮೀನು. ಅಂಗಡಿಯವರಾದ ನಿಮಗೆ ಇನ್ನೊಂದು ನೋಟವೂ ಸಿಗುತ್ತೆ: ಕೊಂಕಣಿ, ಕನ್ನಡ, ಮರಾಠಿ ಮೂರರಲ್ಲೂ ಒಂದೇ ಉಸಿರಿಗೆ ಚೌಕಾಶಿ ನಡೆಸೋ ವ್ಯಾಪಾರ. ಒಣ ಮೀನು ಈಗಲೇ ಕೊಳ್ಳಬೇಡಿ, ರಾತ್ರಿ ರೂಮಿಡೀ ವಾಸನೆ. ಅಂಗಡಿ ಎಲ್ಲಿ ಅಂತ ನೋಡಿಟ್ಟುಕೊಂಡು ಸೋಮವಾರ ಮಾರ್ಕೆಟ್ಟಿಗೆ ಹೋಗಿ.

ಮಧ್ಯಾಹ್ನ ಮೀನೂಟ. ಬಂಗಡೆ, ಇಸ್ವಾಣ, ಪಾಪ್ಲೆಟ್, ತಿಸರೆ, ಆ ದಿನ ಏನು ಬಂದಿದೆಯೋ ಅದನ್ನೇ ಕೇಳಿ. ಬೋರ್ಡಿನಲ್ಲಿ ಬರೆದದ್ದೆಲ್ಲ ದಿನಾ ತಾಜಾ ಇರೋದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತೆ, ಆಗ ರೇಟು ಏರುತ್ತೆ, ಐಸಿನಲ್ಲಿಟ್ಟ ಮಾಲೂ ಬರುತ್ತೆ. ಇಸ್ವಾಣ, ಪಾಪ್ಲೆಟ್ ತೂಕದ ಮೇಲೆ ರೇಟಾದ್ದರಿಂದ ತಾಟಿಗೆ ಬೀಳುವ ಮೊದಲೇ ಎಷ್ಟು ಅಂತ ಕೇಳಿಬಿಡಿ, ಬಿಲ್ ಬಂದ ಮೇಲೆ ಜಗಳ ಆಡೋದು ಚಂದ ಅಲ್ಲ. ಊಟದ ಕೊನೆಗೆ ಸೋಲಕಡಿ ಕುಡಿಯಿರಿ. ನಮ್ಮ ಕಡೆ ಮುರುಗಲು ಅಂತೀವಲ್ಲ, ಅದೇ ಹಣ್ಣಿನ ಸಿಪ್ಪೆ, ತೆಂಗಿನಹಾಲು ಸೇರಿಸಿ ಮಾಡ್ತಾರೆ. ಮೀನು ತಿನ್ನದವರಿಗೆ ಬಸ್ ಸ್ಟ್ಯಾಂಡ್ ಸುತ್ತ ಸಸ್ಯಾಹಾರಿ ಹೋಟೆಲು ಇವೆ, ಬೆಳಿಗ್ಗೆ ಅಲ್ಲಿ ಬನ್ಸ್ ತಿನ್ನಿ.

ಎರಡರಿಂದ ನಾಲ್ಕರ ತನಕ ಬಿಸಿಲಿಗೆ ಹೋಗಬೇಡಿ. ಮಲಗಿ. ಅಂಗಡಿಯವರಿಗೆ ಮಧ್ಯಾಹ್ನದ ನಿದ್ದೆ ವರ್ಷಕ್ಕೆ ಎಷ್ಟು ಸಲ ಸಿಗುತ್ತೆ?

ನಾಲ್ಕರ ಮೇಲೆ ರವೀಂದ್ರನಾಥ ಟ್ಯಾಗೋರ್ ಕಡಲತೀರ. ಈ ಹೆಸರು ಯಾಕೆ ಬಂತು ಅಂತ ಮಕ್ಕಳು ಕೇಳಿದರೆ ಹೇಳೋಕೆ ಇರಲಿ: ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರ್ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರನಾಥ ಇಪ್ಪತ್ತೆರಡರ ಹೊತ್ತಿಗೆ ಅಣ್ಣನ ಮನೆಗೆ ಬಂದು ಉಳಿದರು, 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇಲ್ಲೇ. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನ ಅವರು ಆತ್ಮಕಥನದಲ್ಲಿ ನೆನೆದಿದ್ದಾರೆ. ಆ ಕಾಲಕ್ಕೆ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. 1862ರಲ್ಲಿ ಮದ್ರಾಸಿನಿಂದ ಅಲ್ಲಿಗೆ ಸೇರಿಸಿದ್ದು, ವಾಪಸ್ ಕನ್ನಡ ನಾಡಿಗೆ ಬಂದದ್ದು 1956ರಲ್ಲಿ.

ದಂಡೆಯ ಪಕ್ಕದಲ್ಲೇ ಐಎನ್‌ಎಸ್ ಚಪಲ್ ಯುದ್ಧನೌಕೆ ಮ್ಯೂಸಿಯಂ. ನೌಕಾಪಡೆಯಿಂದ ನಿವೃತ್ತವಾದ ಕ್ಷಿಪಣಿ ದೋಣಿ ಇದು, ಒಳಗೆ ಹೋಗಿ ನೋಡಬಹುದು. ಪಕ್ಕದಲ್ಲಿ ಟುಪೊಲೆವ್–142 ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. ಮಕ್ಕಳಿದ್ದರೆ ಇದು ತಪ್ಪಿಸಬೇಡಿ, ಮತ್ತು ಭಾನುವಾರವೇ ನೋಡಿಬಿಡಿ. ಇಂಥ ಮ್ಯೂಸಿಯಂಗಳಿಗೆ ಸೋಮವಾರ ರಜೆ ಇರೋದು ಸಾಮಾನ್ಯ.

ಸೂರ್ಯ ಮುಳುಗೋ ಹೊತ್ತಿಗೆ ಮರಳ ಮೇಲೆ ಕೂತ್ಕೊಳ್ಳಿ. ಎದುರಿಗೆ ದ್ವೀಪಗಳು, ಹಿಂದೆ ಗುಡ್ಡ, ಎಡಕ್ಕೆ ಬೈತಖೋಲ್ ಬಂದರು, ಬಲಕ್ಕೆ ಕಾಳಿ ನದಿ ಸಮುದ್ರ ಸೇರುವ ಅಳಿವೆ, ಅದರಾಚೆ ಸದಾಶಿವಗಡ.

ನೀರಿಗೆ ಇಳಿಯುವ ಮುಂಚೆ

ಈ ಭಾಗ ಮನೆಯವರಿಗೆಲ್ಲ ಓದಿ ಹೇಳಿ. ಕೆರೆಯಲ್ಲಿ, ಹೊಳೆಯಲ್ಲಿ ಈಜು ಕಲಿತ ಘಟ್ಟದ ಮೇಲಿನ ಹುಡುಗರಿಗೆ "ನಂಗೆ ಈಜು ಬರುತ್ತೆ" ಅನ್ನೋ ಧೈರ್ಯ ಇರುತ್ತೆ. ಸಮುದ್ರದಲ್ಲಿ ಆ ಧೈರ್ಯ ಕೆಲಸಕ್ಕೆ ಬರೋದಿಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದ ನಾಲ್ಕು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಅದು ಮಳೆಗಾಲವೂ ಅಲ್ಲ.

ದಂಡೆಗೆ ಬಡಿದ ನೀರು ಎಲ್ಲಾದರೂ ಒಂದು ಕಡೆಯಿಂದ ವಾಪಸ್ ಹೋಗಲೇಬೇಕು. ಹಾಗೆ ಹೋಗುವ ಜಾಗದಲ್ಲಿ ಅಲೆ ಒಡೆಯೋದು ಕಡಿಮೆ, ನೋಡೋಕೆ ಶಾಂತವಾಗಿ ಕಾಣುತ್ತೆ. "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಅಂತ ಜನ ಇಳಿಯೋದೂ ಅಲ್ಲೇ. ಆ ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಎದುರು ಈಜಬೇಡಿ, ಸುಸ್ತಾಗಿ ಮುಳುಗೋದು ಹಾಗೆಯೇ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತದ ಪಟ್ಟಿ ದಾಟಿದ ಮೇಲೆ ದಡಕ್ಕೆ ತಿರುಗಿ. ಈಜಲು ಆಗದಿದ್ದರೆ ತೇಲ್ತಾ ಕೈ ಎತ್ತಿ ಕೂಗಿ. ಒಬ್ಬ ಸಿಕ್ಕಿಬಿದ್ದ ಅಂತ ಇನ್ನಿಬ್ಬರು ಬರಿಗೈಯಲ್ಲಿ ಹಾರಬೇಡಿ. ಹಗ್ಗ, ಖಾಲಿ ಕ್ಯಾನು, ಟ್ಯೂಬು ಏನು ಸಿಕ್ಕರೂ ಎಸೆಯಿರಿ, ಜೀವರಕ್ಷಕ ಸಿಬ್ಬಂದಿಯನ್ನ, ಹತ್ತಿರದ ಮೀನುಗಾರರನ್ನ ಕರೆಯಿರಿ, 112ಕ್ಕೆ ಫೋನ್ ಮಾಡಿ.

ಕಾರವಾರದ ದಂಡೆ ಕೊಲ್ಲಿಯ ಒಳಗಿರೋದ್ರಿಂದ ಅಲೆ ಬೇರೆ ಕಡೆಗಿಂತ ಮೃದು ಕಾಣುತ್ತೆ. ಹಾಗಂತ ಮೊಣಕಾಲಿನ ಮೇಲೆ ನೀರು ಬರುವ ಕಡೆ ಹೋಗೋದು ಬೇಡ. ಕೋಡಿಬಾಗ ಕಡೆ, ಅಳಿವೆಯ ಹತ್ತಿರ ಅಂತೂ ಕಾಲೇ ಇಡಬೇಡಿ. ಇಳಿತದ ಹೊತ್ತಿಗೆ ಕಾಳಿಯ ಇಡೀ ನೀರು ಅಲ್ಲಿಂದ ಸಮುದ್ರಕ್ಕೆ ಎಳೀತಾ ಇರುತ್ತೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಭರತಿ–ಇಳಿತ ಎರಡೂ ದೊಡ್ಡದು. ಆ ದಿನದ ಭರತಿ ಎಷ್ಟು ಹೊತ್ತಿಗೆ ಅಂತ ದಂಡೆಯ ಮೀನುಗಾರರನ್ನ ಕೇಳಿದರೆ ಗಡಿಯಾರ ನೋಡದೆ ಹೇಳ್ತಾರೆ. ಮರುದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ತಡ ಅಂತ ಸೇರಿಸಿಕೊಳ್ಳಿ.

ದೋಣಿ ಹತ್ತುವವರು

ದೇವಬಾಗ ಕಡೆಗೆ, ಕೂರ್ಮಗಡದ ಕಡೆಗೆ ದೋಣಿ ಹೋಗುತ್ತವೆ. ಡಾಲ್ಫಿನ್ ತೋರಿಸ್ತೀವಿ ಅನ್ನುವವರೂ ಸಿಗ್ತಾರೆ. ಕಂಡರೆ ಅದೃಷ್ಟ, ಕಾಣದಿದ್ದರೆ ದುಡ್ಡು ವಾಪಸ್ ಕೇಳೋಕಾಗಲ್ಲ.

ಪುಷ್ಯ ಹುಣ್ಣಿಮೆಗೆ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ಹರಕೆ ಹೊತ್ತವರು ಸಾವಿರಾರು ಜನ ದೋಣಿಯಲ್ಲೇ ಹೋಗಿ ಬರ್ತಾರೆ. 2019ರ ಜನವರಿ 21ರಂದು ಆ ಜಾತ್ರೆಯಿಂದ ವಾಪಸ್ ಬರ್ತಿದ್ದ ಒಂದು ದೋಣಿ ಮಗುಚಿ 16 ಜನ ಸತ್ತರು. ಅದರಲ್ಲಿ ಘಟ್ಟದ ಮೇಲಿನವರೂ ಇದ್ದರು, ಮಕ್ಕಳೂ ಇದ್ದರು. ದೋಣಿಗೆ ಹತ್ತುವ ಮುಂಚೆ ತಲೆ ಎಣಿಸಿ, ಜಾಕೆಟ್ ಎಣಿಸಿ. ಜಾಕೆಟ್ ಮೂಲೆಯಲ್ಲಿ ರಾಶಿ ಬಿದ್ದಿದ್ದರೆ ಸಾಲದು, ಮೈಮೇಲಿರಬೇಕು, ಮಕ್ಕಳ ಅಳತೆಯದ್ದು ಬೇರೆ ಇರಬೇಕು. ಇಲ್ಲ ಅಂದರೆ ಇಳಿದುಬಿಡಿ. "ಏನೂ ಆಗಲ್ಲ ಅಣ್ಣ, ಬನ್ನಿ" ಅಂದರೂ ಇಳಿದುಬಿಡಿ.

ಸೋಮವಾರ ಬೆಳಿಗ್ಗೆ: ಒಂದೇ ಜಾಗ

ಕಚೇರಿ ತೆರೆಯೋಕೆ ಮುಂಚೆ ಮೂರು–ನಾಲ್ಕು ಗಂಟೆ ಸಿಗುತ್ತೆ. ಅದರಲ್ಲಿ ಎರಡು ಜಾಗ ತುರುಕಬೇಡಿ.

ನಮ್ಮ ಆಯ್ಕೆ ಸದಾಶಿವಗಡ. ಕಾಳಿ ಸೇತುವೆ ದಾಟಿದರೆ ಎಡಕ್ಕೇ ಗುಡ್ಡ. ಸೋಂದೆ ಅರಸರ ಕಾಲದ ಕೋಟೆ, ಮೇಲೆ ದುರ್ಗಾದೇವಿ ಗುಡಿ. ಅಲ್ಲಿ ನಿಂತರೆ ನದಿ ಎಲ್ಲಿ ಮುಗಿದು ಸಮುದ್ರ ಎಲ್ಲಿ ಶುರುವಾಗುತ್ತೆ ಅನ್ನೋದು ಬಣ್ಣದಲ್ಲೇ ಗೊತ್ತಾಗುತ್ತೆ. ದಾಟುವಾಗ ನೆನಪಿರಲಿ, 2024ರ ಆಗಸ್ಟ್ 7ರ ನಡುರಾತ್ರಿ ಕುಸಿದದ್ದು ಇಲ್ಲಿನ ಹಳೇ ಸೇತುವೆ. ಲಾರಿಯೊಂದು ನದಿಗೆ ಬಿತ್ತು, ಚಾಲಕನನ್ನ ಜೀವಂತ ಎತ್ತಿದರು. ಆಮೇಲೆ ಎರಡೂ ಕಡೆಯ ವಾಹನ ಪಕ್ಕದ ಸೇತುವೆ ಮೇಲೇ ಬಿಟ್ಟರು. ಹಾಗಾಗಿ ಬೆಳಿಗ್ಗೆ ಬೇಗ ದಾಟೋದು ವಾಸಿ.

ಕಾಲು ಗಟ್ಟಿ ಇರುವವರು ಮಾಜಾಳಿಗೆ ಹೋಗಿ, ಅಲ್ಲಿಂದ ಗುಡ್ಡ ದಾಟಿ ತೀಳಮಾತಿಗೆ ನಡೆಯಬಹುದು. ಮರಳು ಎಳ್ಳಿನ ಹಾಗೆ ಕಪ್ಪು, ಹೆಸರೂ ಅದರಿಂದಲೇ ಬಂದದ್ದು: ಕೊಂಕಣಿಯಲ್ಲಿ ತೀಳ ಅಂದ್ರೆ ಎಳ್ಳು, ಮಾತಿ ಅಂದ್ರೆ ಮಣ್ಣು. ಅಲ್ಲಿ ಅಂಗಡಿ ಇಲ್ಲ, ನೀರು ಹೊತ್ಕೊಂಡು ಹೋಗಿ.

ಮಾಜಾಳಿ ತನಕ ಹೋದವರಿಗೆ "ಗೋವಾ ಇಲ್ಲೇ ಅಲ್ವಾ" ಅನ್ನಿಸುತ್ತೆ. ಗಡಿ ಹತ್ತಿರವೇ, ಕದಂಬ ಬಸ್ಸೂ ಇದೆ. ಆದರೆ ಅರ್ಧ ದಿನ ಅಲ್ಲಿಗೇ ಹೋಗುತ್ತೆ. ಬರುವಾಗ ಬ್ಯಾಗಿನಲ್ಲಿ ಬಾಟಲಿ ಇಟ್ಕೊಂಡು ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಸಿಕ್ಕರೆ ಕೇಸು. ಮಿಕ್ಕಿದ ಅರ್ಧ ದಿನ ಅಲ್ಲಿಗೆ ಹೋಗುತ್ತೆ.

ದಕ್ಷಿಣಕ್ಕೆ ಬಿಣಗಾ, ಅರ್ಗಾ ಕಡೆ ಸೀಬರ್ಡ್ ನೌಕಾನೆಲೆ. ಬೇಲಿ, ಗೇಟು, ಹಡಗು ಯಾವುದರದ್ದೂ ಫೋಟೋ, ರೀಲ್ಸ್ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ಆ ಬೇಲಿಯ ಒಳಗಿರೋದು ಒಂದು ಕಾಲಕ್ಕೆ ಜನ ಮನೆ ಕಟ್ಟಿ, ಬಲೆ ಒಣಹಾಕ್ತಿದ್ದ ಊರುಗಳು. ಅವರೆಲ್ಲ ಎದ್ದು ಬೇರೆ ಕಡೆ ಹೋದರು. ಅಂಜುದೀವ್ ದ್ವೀಪವೂ ನೌಕಾಪಡೆಯದ್ದು, ಸಾರ್ವಜನಿಕರಿಗೆ ಪ್ರವೇಶ ಇಲ್ಲ. ದೋಣಿಯವರು ಕರ್ಕೊಂಡು ಹೋಗ್ತೀವಿ ಅಂದರೆ ನಂಬಬೇಡಿ.

ವಾಪಸ್

ಕಚೇರಿ ಕೆಲಸ ಒಂದು ಗಂಟೆಯೊಳಗೆ ಮುಗಿಸಿ, ಊಟ ಮಾಡಿ, ಎರಡೂವರೆ–ಮೂರರೊಳಗೆ ಹೊರಡಿ. ಕತ್ತಲಾಗುವ ಮೊದಲೇ ಘಟ್ಟ ಹತ್ತಿ ಮುಗಿಸಬೇಕು. ಡಿಸೆಂಬರ್–ಜನವರಿಯಲ್ಲಿ ಆರೂಕಾಲಿಗೇ ಕತ್ತಲು. ಕಚೇರಿಯವರು "ಸಂಜೆ ನಾಲ್ಕಕ್ಕೆ ಬನ್ನಿ" ಅಂದರೆ ಇನ್ನೊಂದು ದಿನ ಬರ್ತೀನಿ ಅನ್ನಿ.

ಒಣ ಮೀನು ಕೊಂಡವರು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಮನೆಯಿಂದಲೇ ತಂದಿರಬೇಕು. ಬರೀ ಕವರಿನಲ್ಲಿ ಕಟ್ಟಿ ಬಸ್ ಹತ್ತಿದರೆ ಅಂಕೋಲಾ ಬರೋದ್ರೊಳಗೆ ಇಡೀ ಬಸ್ಸು ನಿಮ್ಮ ಕಡೆ ತಿರುಗುತ್ತೆ.